ಇಟ್ಟಿಗೆ ನಿಲ್ಲುವ ಜಾಗ

ಕಟ್ಟಡ ಕೆಲಸದವರೆಲ್ಲ ಅವನನ್ನು ಭಾವ ಎಂದೇ ಕರೆಯುತ್ತಿದ್ದರು. ಅವನಿಗಿಂತ ಹತ್ತು ವರ್ಷ ದೊಡ್ಡವನಾದ ಮೇಸ್ತ್ರಿಗೂ ಅವನು ಭಾವ, ಗಾರೆ ಕಲಸುವ ಹೆಂಗಸರಿಗೂ ಭಾವ. ವಾರಕ್ಕೊಮ್ಮೆ ಕಾರಿನಲ್ಲಿ ಬಂದು, ಇಳಿಯದೆ ಗಾಜಷ್ಟೇ ಇಳಿಸಿ ಮಾತಾಡಿ ಹೋಗುವ ಇಂಜಿನಿಯರ್ ಕೂಡ "ಎಲ್ಲಿ ನಿಮ್ಮ ಭಾವ?" ಎಂದೇ ಕೇಳುತ್ತಿದ್ದರು. ಹಾಗೆ ನೋಡಿದರೆ ಅವನು ಮದುವೆಯಾಗಿದ್ದು ಒಬ್ಬಳನ್ನೇ.

ಆ ಒಬ್ಬಳ ತಮ್ಮನಿಂದಲೇ ಈ ಹೆಸರು ಬಂದದ್ದು. ಭಾಮೈದ ಕೆಳಗೆ ನೆಲದ ಮೇಲೆ ನಿಂತು ಇಟ್ಟಿಗೆ ಎಸೆಯುತ್ತಿದ್ದ. ಭಾವ ಎರಡಾಳೆತ್ತರದ ಸಾರುವೆಯ ಹಲಗೆಯ ಮೇಲೆ ನಿಂತು ಹಿಡಿಯುತ್ತಿದ್ದ. ಹಿಡಿದು, ಪಕ್ಕದಲ್ಲಿ ಗೋಡೆ ಕಟ್ಟುವವರ ಕೈಗೆಟಕುವಂತೆ ಜೋಡಿಸಿ, ಮತ್ತೆ ಕೈ ಚಾಚುತ್ತಿದ್ದ. ಒಂದೊಂದು ಇಟ್ಟಿಗೆ ಬಿಡುವಾಗಲೂ ಭಾಮೈದ "ಭಾವಾ!" ಎಂದು ಕೂಗಬೇಕು, ಕೂಗಿನ ಹಿಂದೆ ಒಂದು ಕುಹಕ ಸೇರಿಸಬೇಕು. ದಿನಕ್ಕೆ ಸಾವಿರದೈನೂರು ಸಲ ಒಂದೇ ಕೂಗು ಕೇಳಿದ ಮೇಲೆ ಯಾರ ಬಾಯಿಗಾದರೂ ಅದು ಹತ್ತಿಕೊಳ್ಳದೆ ಇದ್ದೀತೆ?

"ಭಾವಾ! ತಗೋ, ನಮ್ಮಪ್ಪ ಕೊಡದೆ ಉಳಿಸಿಕೊಂಡಿದ್ದ ವರೋಪಚಾರ!"

"ನಿಮ್ಮಪ್ಪ ಕೊಟ್ಟಿದ್ರಲ್ಲಿ ಇದೇ ಸ್ವಲ್ಪ ಗಟ್ಟಿ ಕಣೋ!"

"ಭಾವಾ! ಅಕ್ಕನ ಕೈ ಅಡುಗೆ ತಿಂದು ಹೊಟ್ಟೆ ಬಂದಿದೆ, ಇಟ್ಟಿಗೆ ಅದಕ್ಕೇ ತಗುಲೀತು!"

"ನಿಮ್ಮಕ್ಕನ ಕೈ ಅಡುಗೆ ತಿಂದು ಯಾರಿಗಾದ್ರೂ ಹೊಟ್ಟೆ ಬರುತ್ತೇನೋ? ನೋವು ಬರುತ್ತೆ ಅನ್ನು."

ಕೆಳಗಿದ್ದವರು ನಗುತ್ತಿದ್ದರು. ಮೇಲಿದ್ದವರು ಕರಣೆ ಹಿಡಿದುಕೊಂಡೇ ನಗುತ್ತಿದ್ದರು. ಆ ನಗೆಯ ನಡುವೆ ಇಟ್ಟಿಗೆ ಹೋಗುತ್ತಿತ್ತು, ಬಂದು ಕೂರುತ್ತಿತ್ತು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ವರ್ಷಕ್ಕೆ ಎರಡೋ ಮೂರೋ ಇಟ್ಟಿಗೆ ಕೈ ತಪ್ಪಿ ಕೆಳಗೆ ಬಿದ್ದರೆ ಅದೇ ದೊಡ್ಡ ಸುದ್ದಿ.

ಹಿಡಿಯುವ ವಿದ್ಯೆ ಅವನಿಗೆ ಹುಟ್ಟುತ್ತಲೇ ಬಂದದ್ದಲ್ಲ. ಅವನೂ ಮೊದಲು ತಲೆಯ ಮೇಲೆ ಇಟ್ಟಿಗೆ ಹೊತ್ತವನೇ. ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ದಿನ, ಹಿಡಿಯುವ ಮುದುಕ ಜ್ವರ ಬಂದು ಕೂತಾಗ, ಮೇಸ್ತ್ರಿ ಇವನನ್ನು ಮೇಲೆ ಹತ್ತಿಸಿದ. ಇವನು ಕಣ್ಣರಳಿಸಿಕೊಂಡು ಬರುವ ಇಟ್ಟಿಗೆಯನ್ನೇ ನೋಡಿದ. ನೋಡುತ್ತಲೇ ಇದ್ದ. ಇಟ್ಟಿಗೆ ಬಂದು ಮೂಗಿಗೆ ಕೂತಿತು. ಕಂಬಳಿ ಹೊದ್ದು ನೆರಳಲ್ಲಿ ಕೂತಿದ್ದ ಮುದುಕ ಮೇಲೆ ನೋಡಿ ಹೇಳಿದ: "ಇಟ್ಟಿಗೆ ಏನು ಹೆಣ್ಣೇನೋ, ಅದರ ಮುಖ ನೋಡ್ತಾ ನಿಲ್ಲೋಕೆ? ಎಸೆಯೋನ ಭುಜ ನೋಡು. ಇಟ್ಟಿಗೆ ಮೇಲೆ ಬಂದು, ಇಳಿಯೋಕೆ ಮುಂಚೆ ಒಂದು ಚಿಟಿಕೆ ಹೊತ್ತು ನಿಲ್ಲುತ್ತೆ. ಅದು ನಿಲ್ಲೋ ಜಾಗಕ್ಕೆ ನಿನ್ನ ಕೈ ಮೊದಲೇ ಹೋಗಿ ಕಾಯ್ತಿರಬೇಕು."

ಮೂಗು ವಾಸಿಯಾಗುವ ಹೊತ್ತಿಗೆ ವಿದ್ಯೆ ಕೈಗೆ ಹತ್ತಿತ್ತು. ಮದುವೆಯಾದ ವರ್ಷ ಹೆಂಡತಿಯ ತಮ್ಮ ಕೆಲಸ ಹುಡುಕಿಕೊಂಡು ಬಂದ, ಜೋಡಿ ಕೂಡಿತು. ಕಾರಿನ ಹಳೇ ಟ್ಯೂಬನ್ನು ಕತ್ತರಿಸಿ ಅಂಗೈಗೆ ಕಟ್ಟಿಕೊಂಡು ಭಾವ ಹಲಗೆಯ ಮೇಲೆ ನಿಂತನೆಂದರೆ, ಗೋಡೆ ಕಟ್ಟುವವನ ಮಗಳ ಓದಿನ ವಿಚಾರ ಮಾತಾಡುತ್ತ, ಆ ಕಡೆ ಮುಖ ಮಾಡಿ ಸೀನುತ್ತ, ಕತ್ತು ತುರಿಸಿಕೊಳ್ಳುತ್ತ ಹಿಡಿಯುತ್ತಿದ್ದ. ಇಟ್ಟಿಗೆಯನ್ನು ಅವನು ನೋಡಿದ್ದೇ ಇಲ್ಲ ಎನ್ನಬೇಕು. ಕಣ್ಣಂಚಿನಲ್ಲಿ ಒಂದು ಭುಜ ಏಳುತ್ತಿತ್ತು, ಕೈ ಹೋಗಿ ಕಾಯುತ್ತಿತ್ತು.

ಆ ವರ್ಷದ ಆರಂಭದಲ್ಲಿ ಅವನಿಗೆ ಒಂದು ಖುಷಿಯಾಯಿತು. ಇಟ್ಟಿಗೆಗಳು ಕೈಗೆ ಹಗುರವಾಗಿ ಬಂದು ಕೂರತೊಡಗಿದ್ದವು. ಸಂಜೆಯ ಹೊತ್ತಿಗೆ ಅಂಗೈ ಉರಿಯುತ್ತಿರಲಿಲ್ಲ, ಮಣಿಕಟ್ಟು ಹಿಡಿದುಕೊಳ್ಳುತ್ತಿರಲಿಲ್ಲ. "ಐವತ್ತೆರಡಕ್ಕೆ ಎಲ್ಲರ ಕೈ ಸೋಲುತ್ತೆ, ನನ್ನ ಕೈ ಈಗ ಹದಕ್ಕೆ ಬಂದಿದೆ ನೋಡು" ಎಂದು ಹೆಂಡತಿಯ ಮುಂದೆ ಬೀಗಿದ. ಅವಳು ಹೂಂ ಎಂದು ಪಾತ್ರೆ ತೊಳೆಯಲು ಎದ್ದು ಹೋದಳು.

ಆಮೇಲೆ ಬೀಳಲು ಶುರುವಾಯಿತು. ಒಂದು ಸೋಮವಾರ ಒಂದು ಬಿತ್ತು. ಎಲ್ಲರೂ ಗೇಲಿ ಮಾಡಿದರು, ಅವನೂ ಮಾಡಿಕೊಂಡ. ಆ ವಾರವೇ ಇನ್ನೊಂದು ಬಿತ್ತು. ತಿಂಗಳು ಕಳೆಯುವಷ್ಟರಲ್ಲಿ ದಿನಕ್ಕೆ ಎರಡು, ಮೂರು. ಬೆರಳ ತುದಿಗೆ ತಾಗಿ ಕೆಳಕ್ಕೆ ಜಾರುತ್ತಿದ್ದವು. ಅವನು ಕಣ್ಣು ತೊಳೆದುಕೊಂಡ, ಟ್ಯೂಬು ಬದಲಿಸಿದ, ಹಲಗೆ ವಾಲಿದೆ ಎಂದು ಕೆಳಗೆ ಕಲ್ಲು ಕೊಟ್ಟ. ಬೇಗ ಮಲಗಿ ನೋಡಿದ. ಯಾವುದೂ ಫಲಿಸಲಿಲ್ಲ. ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಭಾಮೈದನ ಬಾಯಿ. ಮೊದಲಾಗಿದ್ದರೆ "ಕೈಗೇನು ಬೆಣ್ಣೆ ಸವರಿಕೊಂಡು ಬಂದಿದ್ದೀಯಾ?" ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದವನು ಈಗ, "ಹೋಗ್ಲಿ ಬಿಡು ಭಾವ" ಎಂದು ಮೆಲ್ಲಗೆ ಹೇಳಿ ಬಿದ್ದ ಇಟ್ಟಿಗೆಯನ್ನು ಬದಿಗೆ ಸರಿಸುತ್ತಿದ್ದ. ಹೋಗಲಿ ಬಿಡು ಎನ್ನುವ ಮಾತನ್ನು ಭಾವ ಆ ಬಾಯಲ್ಲಿ ಕೇಳಿದ್ದೇ ಇರಲಿಲ್ಲ.

ಒಂದು ಬೆಳಗ್ಗೆ ಜಾರಿದ ಇಟ್ಟಿಗೆ ಗಾರೆ ಕಲಸುತ್ತಿದ್ದ ಹೆಂಗಸಿನ ಹಿಮ್ಮಡಿ ಸವರಿಕೊಂಡು ಬಿತ್ತು. ಒಂದು ಗೇಣು ಆಚೆ ಬಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತು. ಆ ದಿನವೇ ಇಂಜಿನಿಯರ ಕಾರು ಬರಬೇಕೆ! ಅವರು ಅಂದು ಕಾರಿನಿಂದ ಇಳಿದರು. "ಕಣ್ಣು ತಲೆ ಎಲ್ಲ ಸರಿ ಇದೆ ಅಂತ ಆಸ್ಪತ್ರೆಯಿಂದ ಬರೆಸಿಕೊಂಡು ಬನ್ನಿ. ಅಲ್ಲೀತನಕ ಮೇಲೆ ಹತ್ತೋದು ಬೇಡ."

"ಹಂಗಾದ್ರೆ ಏನು ಮಾಡ್ಲಿ ಸಾರ್?"

"ಕೆಳಗೆ ಬೇಕಾದಷ್ಟು ಕೆಲಸ ಇದೆಯಲ್ಲ."

ಕೆಳಗಿನ ಕೆಲಸವೆಂದರೆ ಇಟ್ಟಿಗೆ ನೆನೆಸುವುದು. ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಣ ಇಟ್ಟಿಗೆ ಮುಳುಗಿಸಿ, ಗುಳ್ಳೆ ನಿಂತ ಮೇಲೆ ಎತ್ತಿಡುವುದು. ಬೆನ್ನು ಹೋದವರಿಗೆ, ಉಸಿರು ಕಟ್ಟುವವರಿಗೆ ಮೇಸ್ತ್ರಿ ದಯೆಯಿಂದ ಕೊಡುವ ಜಾಗ ಅದು. ಅಲ್ಲಿಗೆ ಇಳಿದವರು ಮತ್ತೆ ಮೇಲೆ ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಭಾವನಿಗೆ ಬೇಕಾಗಿದ್ದುದು ಒಂದೇ: ಮತ್ತೆ ಆ ಹಲಗೆ.

ಆಸ್ಪತ್ರೆಯಲ್ಲಿ ಕಣ್ಣಿನವರು ಅಕ್ಷರ ಓದಿಸಿ, ಕಣ್ಣು ಚೆನ್ನಾಗಿದೆ ಎಂದು ತಲೆಯವರ ಹತ್ತಿರ ಕಳಿಸಿದರು. ತಲೆಯ ಡಾಕ್ಟರು ಮೂವತ್ತರ ಆಸುಪಾಸಿನ ಹೆಂಗಸು. ಮೂಗು ಮುಟ್ಟಿ ನನ್ನ ಬೆರಳು ಮುಟ್ಟಿ ಎಂದರು, ಪೆನ್ನು ಹಿಡಿದು ಅತ್ತಿತ್ತ ಆಡಿಸಿ ಕಣ್ಣಲ್ಲೇ ಹಿಂಬಾಲಿಸಿ ಎಂದರು. ಆಮೇಲೆ ಕಂಪ್ಯೂಟರಿನಲ್ಲಿ ಓಡುವ ಚುಕ್ಕೆಯೊಂದನ್ನು ತೋರಿಸಿ, ಅದು ಗೆರೆ ಮುಟ್ಟಿದ ಕೂಡಲೇ ಗುಂಡಿ ಒತ್ತಲು ಹೇಳಿದರು. ನಲವತ್ತು ಸಲ ಒತ್ತಿಸಿದರು. ಕೊನೆಗೆ ಪರದೆ ನೋಡಿ ಹುಬ್ಬೇರಿಸಿದರು.

"ಏನು ಕೆಲಸ ಮಾಡ್ತೀರಿ ಅಂದ್ರಿ?"

"ಇಟ್ಟಿಗೆ ಹಿಡೀತೀನಿ ಡಾಕ್ಟ್ರಮ್ಮ."

"ನನ್ನ ಜೊತೆ ಕೆಲಸ ಮಾಡೋ ಹುಡುಗರು ಇಷ್ಟು ಚೆನ್ನಾಗಿ ಒತ್ತಲ್ಲ. ನಿಮಗೇನಾಗಿದೆ ಅಂತ ಬಂದ್ರಿ?"

ಅವನು ಹೇಳಿದ. ಭುಜ ನೋಡುವುದನ್ನೂ, ಕೈ ಮೊದಲೇ ಹೋಗಿ ಕಾಯುವುದನ್ನೂ ಹೇಳಿದ. ಅವರಿಗೆ ಆಸಕ್ತಿ ಬಂದು, ಮೇಜಿನ ಮೇಲಿದ್ದ ಮಾತ್ರೆ ಡಬ್ಬಿಯನ್ನು ಹೇಳದೆ ಕೇಳದೆ ಅವನ ಕಡೆ ಎಸೆದರು. ಅವನು ಕಿಟಕಿಯ ಕಡೆ ನೋಡುತ್ತಿದ್ದವನು ಹಾಗೇ ಹಿಡಿದು ಮೇಜಿನ ಮೇಲಿಟ್ಟ.

ಡಾಕ್ಟರು ನಕ್ಕು ಕುರ್ಚಿ ಮುಂದಕ್ಕೆಳೆದುಕೊಂಡರು. "ನೋಡಿ, ಕಣ್ಣು ಕಂಡ ಸುದ್ದಿ ಮಿದುಳಿಗೆ ಹೋಗಿ, ಅಲ್ಲಿಂದ ಕೈಗೆ ಅಪ್ಪಣೆ ಬರೋಷ್ಟರಲ್ಲಿ ಇಟ್ಟಿಗೆ ಆ ಜಾಗ ಬಿಟ್ಟು ಹೋಗಿರುತ್ತೆ. ಕಂಡ ಕಡೆ ಕೈ ಹಾಕಿದ್ರೆ ಯಾವತ್ತೂ ಸಿಗಲ್ಲ. ಅದಕ್ಕೇ ಮಿದುಳು ಇಟ್ಟಿಗೆ ಎಲ್ಲಿದೆ ಅಂತ ಕೇಳಲ್ಲ, ಎಲ್ಲಿರುತ್ತೆ ಅಂತ ಲೆಕ್ಕ ಹಾಕುತ್ತೆ. ಹಾಕಿ ಕೈಯನ್ನ ಅಲ್ಲಿಗೆ ಕಳಿಸಿಬಿಡುತ್ತೆ. ನಿಮ್ಮದು ಮೂವತ್ತು ವರ್ಷದ ಲೆಕ್ಕ. ಸರಿ, ಬೀಳೋ ಇಟ್ಟಿಗೆ ಎಲ್ಲಿ ಬೀಳುತ್ತೆ? ಕೈ ಮೇಲೋ, ಪಕ್ಕಕ್ಕೋ, ಕೆಳಗೋ?"

ಅವನು ಯೋಚಿಸಿದ. "ಕೆಳಗೆ. ಬೆರಳ ತುದಿಗೆ ತಾಗಿ ಕೆಳಗೆ."

"ಎಲ್ಲವೂ?"

"ಎಲ್ಲವೂ."

"ಮೇಲಿಂದ ಹಾರಿ ಹೋಗಿದ್ದು ಒಂದೂ ಇಲ್ವಾ?"

"ಒಂದೂ ಇಲ್ಲ ತಾಯಿ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಮಿದುಳು ತಡವಾದ್ರೆ, ಅಥವಾ ಗಮನ ಅಲ್ಲಾಡಿದ್ರೆ, ತಪ್ಪು ನಾಲ್ಕೂ ಕಡೆ ಆಗುತ್ತೆ. ಒಂದು ಮೇಲೆ, ಒಂದು ಕೆಳಗೆ, ಒಂದು ಪಕ್ಕಕ್ಕೆ. ನಿಮ್ಮದು ಹಾಗಿಲ್ಲ. ನಿಮ್ಮ ಕೈ ಹೋಗಬೇಕಾದ ಜಾಗಕ್ಕೇ ಹೋಗ್ತಿದೆ. ಇಟ್ಟಿಗೆ ಅಲ್ಲಿಗೆ ಬರ್ತಾ ಇಲ್ಲ. ಎಸೆಯೋರನ್ನ ಒಂದು ಮಾತು ಕೇಳಿ ನೋಡಿ."

ಕಾಗದದಲ್ಲಿ ಎಲ್ಲ ಸರಿಯಿದೆ ಎಂದು ಬರೆದು, ಮೊಹರು ಒತ್ತಿ ಕೊಟ್ಟರು. ಅವನು ಕಾಗದವನ್ನು ಜೇಬಿಗಿಟ್ಟುಕೊಂಡು ಎರಡು ಬಸ್ ಬಿಟ್ಟ. ಮೂರನೆಯದನ್ನೂ ಹತ್ತದೆ ನಡೆದೇ ಹೊರಟ.

ಕಟ್ಟಡದಲ್ಲಿ ಮಧ್ಯಾಹ್ನದ ಟೀ ಹೊತ್ತು. ಭಾಮೈದ ಅರ್ಧ ಕಟ್ಟಿದ ಮೆಟ್ಟಿಲ ಕೆಳಗೆ ಗೋಣಿಚೀಲದ ಮೇಲೆ ಕೂತಿದ್ದ. ಭಾವ ಎದುರಿಗೆ ನಿಂತ.

"ಎಸೆತ ಬದಲಿಸಿದ್ದೀಯೇನೋ?"

ಭಾಮೈದ ತಲೆ ಎತ್ತಲಿಲ್ಲ. ಲೋಟದೊಳಗೇ ನೋಡುತ್ತ ಕೇಳಿದ, "ಡಾಕ್ಟ್ರು ಏನಂದ್ರು?"

"ಕೇಳಿದ್ದಕ್ಕೆ ಹೇಳು. ಬದಲಿಸಿದ್ದೀಯಾ?"

"ಸ್ವಲ್ಪ."

"ಎಷ್ಟು?"

"ಮೊದಮೊದಲು ಇಷ್ಟೇ." ಎರಡು ಬೆರಳ ನಡುವೆ ತೋರಿಸಿದ. "ಭುಜ ಅದೇ, ಮಣಿಕಟ್ಟಲ್ಲಿ ಒಂಚೂರು ತಡೆದು ಬಿಡ್ತಿದ್ದೆ. ಆಮೇಲೆ ನೀನು ಒಂದು ಬಿಟ್ಟೆ. ಕೈ ತಡ ಆಗ್ತಿದೆ ಅಂದ್ಕೊಂಡು ಇನ್ನೂ ಮೆತ್ತಗೆ ಮಾಡಿದೆ. ನೀನು ಇನ್ನೆರಡು ಬಿಟ್ಟೆ. ನಾನು ಇನ್ನೂ..."

"ಯಾಕೋ?"

"ಅಕ್ಕ ಹೇಳಿದ್ಲು." ಅವನು ಲೋಟ ಕೆಳಗಿಟ್ಟ. "ಮನೇಲಿ ನಿನ್ನ ಕೈಯಿಂದ ಲೋಟ ಜಾರಿತಂತೆ, ಎರಡು ಸಲ. ಪಕ್ಕದ ಮನೆಯವರಿಗೆ ಕೈ ಕಾಲು ಬಿದ್ದು ಹೋಗೋ ಮುಂಚೆ ಹಂಗೇ ಆಗಿತ್ತಂತೆ. ಭಾವಂಗೆ ಮೊದಲಿನ ಹಾಗೆ ಬೀಸಿ ಎಸೀಬೇಡ, ಅವರಿಗೆ ಗೊತ್ತಾಗದ ಹಾಗೆ ಎಸಿ, ಗೊತ್ತಾದ್ರೆ ಮನಸ್ಸಿಗೆ ಹಚ್ಕೋತಾರೆ ಅಂದ್ಲು. ಅತ್ತುಕೊಂಡು ಹೇಳಿದ್ಲು ಭಾವ. ನಾನೇನು ಮಾಡ್ಲಿ?"

ಲೋಟ ಜಾರಿದ್ದು ಭಾವನಿಗೆ ನೆನಪಿತ್ತು. ಸ್ನಾನದ ಮನೆಯಿಂದ ಸೋಪಿನ ಕೈಯಲ್ಲೇ ಬಂದು ಎತ್ತಿಕೊಂಡಿದ್ದ. ಎರಡನೆಯದು ಯಾವಾಗಲೋ, ಅದೂ ಎಲ್ಲರ ಮನೆಯಲ್ಲೂ ಬೀಳುವ ಹಾಗೆ ಬಿದ್ದದ್ದು. ಇಪ್ಪತ್ತಾರು ವರ್ಷ ಬಾಯಿಗೆ ಬಂದ ಹಾಗೆ ಆಡಿಕೊಂಡವನು ಕೇಳಬೇಕಾದ ಒಂದು ಮಾತನ್ನು ಕೇಳಲಿಲ್ಲವಲ್ಲ ಎಂದು ಸಿಟ್ಟು ಎದ್ದಿತು. ಆದರೆ ಆ ಸಿಟ್ಟಿನ ಜೊತೆಗೇ ಇನ್ನೊಂದು ಎದ್ದಿತು, ಅದು ಸಂತೋಷ. ತಪ್ಪು ತನ್ನ ಕೈಯದಲ್ಲ! ಕೈ ಹೋಗಬೇಕಾದಲ್ಲಿಗೇ ಹೋಗಿದೆ!

"ಏಳೋ ಮೇಲೆ," ಎಂದ. "ಹಳೇ ಎಸೆತ ಎಸಿ. ಈಗಲೇ."

ಮೇಸ್ತ್ರಿ ಕಾಗದವನ್ನು ದೂರ ಹಿಡಿದು ಓದಿದ. "ಕಾಗದ ಸರಿ ಇದೆ ಭಾವ. ಆದ್ರೆ ಇಟ್ಟಿಗೆಗೆ ಓದೋಕೆ ಬರಲ್ಲವಲ್ಲ. ಇಪ್ಪತ್ತು ಹಿಡಿದು ತೋರಿಸು. ಕೆಳಗಿರೋರು ಎಲ್ಲ ದೂರ ಸರೀರಪ್ಪಾ!"

ಕೆಲಸ ನಿಂತಿತು. ಗಾರೆ ಕಲಸುವವರು ಸಲಿಕೆ ಊರಿ ನಿಂತರು, ಹಿಮ್ಮಡಿಗೆ ಬಟ್ಟೆ ಕಟ್ಟಿಕೊಂಡಿದ್ದ ಹೆಂಗಸೂ ನಿಂತಳು. ಭಾವ ಟ್ಯೂಬು ಕಟ್ಟಿಕೊಂಡು ಹಲಗೆ ಹತ್ತಿದ. ಭಾಮೈದನ ಭುಜ ಎದ್ದಿತು. ಮೊದಲ ಇಟ್ಟಿಗೆ ಚಟ್ಟನೆ ಬಂದು ಅಂಗೈಗೆ ಬಡಿಯಿತು. ಎಷ್ಟೋ ತಿಂಗಳ ಮೇಲೆ ಅಂಗೈ ಚುರುಗುಟ್ಟಿತು. ಆ ಉರಿ ಎಷ್ಟು ಹಿತವಾಗಿತ್ತೆಂದರೆ ಅವನಿಗೆ ಕೂಗಿಕೊಳ್ಳಬೇಕೆನಿಸಿತು. ಎರಡನೆಯದೂ ಬಂದು ಕೂತಿತು. ಕೆಳಗೆ ಯಾರೋ ಶಿಳ್ಳೆ ಹೊಡೆದರು.

ಮೂರನೆಯದಕ್ಕೆ ಭುಜ ಏಳುವಾಗ ಅವನ ತಲೆಯಲ್ಲಿ ಒಂದು ಮಾತು ಎದ್ದಿತು. ಇದು ಹಳೆಯ ಎಸೆತವೋ, ಕರುಣೆಯ ಎಸೆತವೋ? ಇಪ್ಪತ್ತು ಹಿಡಿಯಲಿ ಪಾಪ ಎಂದು ಇವನು ಈಗಲೂ ಮಣಿಕಟ್ಟಲ್ಲಿ ತಡೆದರೆ? ಭುಜ ಸುಳ್ಳು ಹೇಳುತ್ತದೆ ಎಂಬುದು ಈಗ ಗೊತ್ತಾಗಿತ್ತು. ಅವನು ಭುಜ ಬಿಟ್ಟು ಇಟ್ಟಿಗೆಯನ್ನು ನೋಡಿದ.

ಇಟ್ಟಿಗೆ ಮೇಲೆ ಬಂತು. ಅದರ ಮೂಲೆ ಕಂಡಿತು, ಮುರಿದ ಅಂಚು ಕಂಡಿತು, ನೀರು ತೊಟ್ಟಿಕ್ಕುವುದು ಕಂಡಿತು. ಎಲ್ಲ ಕಂಡ ಮೇಲೆ ಕೈ ಹೊರಟಿತು. ಇಟ್ಟಿಗೆ ಮಣಿಕಟ್ಟಿಗೆ ಹೊಡೆದು ಪಕ್ಕಕ್ಕೆ ಹಾರಿತು.

"ಇನ್ನೊಂದು!" ಎಂದು ತಾನೇ ಕೂಗಿದ.

ನಾಲ್ಕನೆಯದನ್ನು ಹಿಡಿದ. ಐದನೆಯದು ಕೈಯ ಮೇಲಿಂದ ಹಾರಿ ಹಿಂದಿನ ಗೋಡೆಗೆ ಬಡಿದು ಪುಡಿಯಾಯಿತು. ನೋಡಬಾರದು, ನೋಡಬಾರದು ಎಂದುಕೊಂಡ. ಹಾಗೆ ಅಂದುಕೊಂಡಷ್ಟೂ ಕಣ್ಣು ಇಟ್ಟಿಗೆಗೇ ಅಂಟಿಕೊಂಡಿತು. ಏಳನೆಯದು ಕೆಳಗೆ ಹೋಯಿತು. ಒಂಬತ್ತನೆಯದು ಹೆಬ್ಬೆರಳ ಉಗುರು ಕಿತ್ತುಕೊಂಡು ಇನ್ನೊಂದು ಪಕ್ಕಕ್ಕೆ ಹೋಯಿತು. ಡಾಕ್ಟರು ಹೇಳಿದ್ದ ನಾಲ್ಕು ದಿಕ್ಕುಗಳೂ ಒಂದೊಂದಾಗಿ ಮುಗಿದದ್ದನ್ನು ಅವನೇ ಲೆಕ್ಕ ಹಿಡಿದ. ಬೆಳಗ್ಗೆ ಆಸ್ಪತ್ರೆಗೆ ಹೋಗುವಾಗ ಅವನಿಗೆ ಇಲ್ಲದಿದ್ದ ರೋಗ ಈಗ ಬಂದಿತ್ತು.

ಹದಿಮೂರರ ಹೊತ್ತಿಗೆ ಭಾಮೈದ ಕೈ ಕೆಳಗೆ ಬಿಟ್ಟ. "ನನ್ನ ಕೈಲಿ ಆಗಲ್ಲ ಮೇಸ್ತ್ರಿ. ಹೀಗೇ ಎಸೆದ್ರೆ ಅವನ ಮುಖಕ್ಕೇ ಹೊಡೀತೀನಿ ನಾನು."

"ಎಸೆಯೋ!" ಮೇಲಿನಿಂದ ಭಾವ ಕಿರುಚಿದ.

ಮೇಸ್ತ್ರಿ ಕೈ ಎತ್ತಿ ನಿಲ್ಲಿಸಿದ. "ಇಳಿ ಭಾವ. ರಕ್ತ ಬರ್ತಿದೆ, ಇಳಿ." ಬೈದಿದ್ದರೆ ಮೇಲಿತ್ತು. ಮೇಸ್ತ್ರಿಯ ದನಿಯೂ ಮೆತ್ತಗಾಗಿತ್ತು. ಭಾವ ಇಳಿದ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ತಮ್ಮ ಮೊದಲೇ ಫೋನು ಮಾಡಿದ್ದ. ಅವಳು ಬಿಸಿನೀರು ತಂದು, ಅವನ ಹೆಬ್ಬೆರಳು ತೊಳೆದು ಬಟ್ಟೆ ಸುತ್ತಿದಳು.

"ರೀ, ಎರಡು ಮಾತು ಬೈದುಬಿಡಿ."

"ಯಾಕೆ ಬೈಲಿ? ನನ್ನ ಒಳ್ಳೇದಕ್ಕೇ ಮಾಡಿದ್ದೀಯಲ್ಲ."

"ನೀವು ಹಾಸಿಗೆ ಹಿಡಿದು ಮಲಗಿಬಿಟ್ರೆ ಅಂತ ಹೆದರಿದ್ದೆ ಕಣ್ರೀ."

"ನಿನ್ನನ್ನ ಒಂದು ಕೇಳ್ತೀನಿ," ಎಂದ. "ಲೋಟ ಬಿತ್ತಲ್ಲ, ಆವತ್ತು ನಾನು ಮನೆಯಲ್ಲೇ ಇದ್ದೆ. ನಾಲಿಗೆ ಸರಿ ಇತ್ತು, ಕಿವಿ ಸರಿ ಇತ್ತು. ಯಾಕ್ರೀ ಲೋಟ ಬಿತ್ತು ಅಂತ ನನ್ನನ್ನ ಕೇಳೋಕೆ ನಿನಗೇನಾಗಿತ್ತು? ಸೋಪು ಅಂತಿದ್ದೆ. ಅಷ್ಟೇ ಕಣೇ. ಸೋಪು."

ಅವಳು ಬಟ್ಟೆಯ ತುದಿ ಹರಿದು ಗಂಟು ಹಾಕಿದಳು. ಬೈಯಲು ಅವನಿಗೆ ಬಾಯಿ ಬರಲಿಲ್ಲ. ಕೆಟ್ಟದ್ದು ಮಾಡಿದವರನ್ನು ಬೈದು ಹಗುರಾಗಬಹುದು, ಇವಳನ್ನು ಏನೆಂದು ಬೈಯುವುದು? ಅವನು ಊಟ ಮಾಡಿದ. ಅವಳು ಬಡಿಸಿದಷ್ಟನ್ನೂ ತಿಂದ. ರುಚಿ ಹೇಗಿದೆಯೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಮೂರು ದಿನ ಬಿಟ್ಟು ಬೇರೆ ಕಟ್ಟಡದಿಂದ ಹಿಡಿಯುವವನೊಬ್ಬ ಬಂದ. ಮೂವತ್ತೈದರ ಗಟ್ಟಿ ಆಳು, ಮಾತು ಕಡಿಮೆ. ಭಾಮೈದ ತಾನೂ ಕೆಲಸ ಬಿಡುತ್ತೇನೆಂದು ಹಟ ಹಿಡಿದಿದ್ದ. ಭಾವನೇ, "ನೀನು ಬಿಟ್ರೆ ನನ್ನ ಕೈ ವಾಪಸ್ ಬರುತ್ತೇನೋ? ಹೋಗಿ ಎಸಿ" ಎಂದು ಅಟ್ಟಿದ. ಈಗ ಕೆಳಗಿನಿಂದ ಬರುತ್ತಿದ್ದುದು ಬರೀ "ಹೂಂ!" ಎಂಬ ಕೂಗು. ಹೊಸಬ ಯಾರ ಭಾವನೂ ಆಗಿರಲಿಲ್ಲ.

ಭಾವ ತೊಟ್ಟಿಯ ಹತ್ತಿರ, ಅವರಿಬ್ಬರಿಗೂ ಬೆನ್ನು ಹಾಕಿ ಕೂತ. ಬೇಕೆಂದೇ ಬೆನ್ನು ಹಾಕಿದ್ದು. ಒಣ ಇಟ್ಟಿಗೆ ಮುಳುಗಿಸುವುದು, ಗುಳ್ಳೆ ನಿಲ್ಲುವುದನ್ನು ಕಾಯುವುದು, ಎತ್ತಿಡುವುದು. ಕಾಯುವಾಗ ಕೈ ನೀರಿನಲ್ಲೇ ಇರುತ್ತಿತ್ತು. ಒಂದು ತಾಸು ಹೋಗಿರಬೇಕು, ಎದುರಿಗೆ ಗಾರೆ ಕಲಸುತ್ತಿದ್ದವಳು ಸಲಿಕೆ ನಿಲ್ಲಿಸಿ ನಕ್ಕಳು.

"ಏನ್ ಭಾವ, ತೊಟ್ಟಿಯಲ್ಲಿ ಮೀನು ಹಿಡೀತಿದ್ದೀಯಾ?"

ಅವನು ಕೆಳಗೆ ನೋಡಿದ. ಬೆನ್ನ ಹಿಂದೆ "ಹೂಂ!" ಎಂದಿತು. ನೀರೊಳಗೆ ಅವನ ಎರಡೂ ಕೈ ಮೇಲೆದ್ದವು, ಒಂದು ಚಿಟಿಕೆ ಹೊತ್ತು ಕಾದವು, ಮುಚ್ಚಿಕೊಂಡವು. ಅವು ಮುಚ್ಚಿಕೊಂಡ ಆ ಗಳಿಗೆಯಲ್ಲೇ, ಕೂದಲೆಳೆಯಷ್ಟೂ ಹಿಂದು ಮುಂದಿಲ್ಲದೆ, ಮೇಲೆ ಹೊಸಬನ ಅಂಗೈಗೆ ಇಟ್ಟಿಗೆ ಬಡಿದ ಸದ್ದಾಯಿತು. ಮತ್ತೆ "ಹೂಂ!" ಮತ್ತೆ ಕೈ ಎದ್ದವು, ಕಾದವು, ಮುಚ್ಚಿಕೊಂಡವು. ಮತ್ತೆ ಅದೇ ಹೊತ್ತಿಗೆ ಅದೇ ಸದ್ದು. ಹತ್ತರಲ್ಲಿ ಹತ್ತೂ ಸಿಗುತ್ತಿದ್ದವು.

"ಹೂಂ, ಮೀನೇ," ಎಂದ ಅವನು ಅವಳಿಗೆ.

ಕೈಗಳನ್ನು ಹೊರಗೆ ತೆಗೆದು ಅಂಗಿಗೆ ಒರೆಸಿಕೊಂಡು ತೊಡೆಯ ಕೆಳಗೆ ಇಟ್ಟುಕೊಂಡ. ಅಲ್ಲಿಯೂ ಅವು ಮಿಡುಕಿದವು. ಕೊನೆಗೆ ಎದ್ದು, ತೊಟ್ಟಿಯ ಆ ಬದಿಗೆ ಹೋಗಿ, ಜೋಡಿಯ ಕಡೆ ಮುಖ ಮಾಡಿ ಕೂತ. ಏಳುವ ಪ್ರತಿಯೊಂದು ಇಟ್ಟಿಗೆಯನ್ನೂ ಕಣ್ಣು ಮಿಟುಕಿಸದೆ, ಬುಡದಿಂದ ತುದಿಯವರೆಗೆ ದಿಟ್ಟಿಸಿ ನೋಡತೊಡಗಿದ. ನೋಡುತ್ತಿದ್ದರೆ ಮಾತ್ರ ಕೈಗಳು ಸುಮ್ಮನಿರುತ್ತಿದ್ದವು.